ನರಸಾಪುರದ ಫೋನು, ಶ್ರೀನಿವಾಸಪುರದ ಮಾವು

ಕೋಲಾರ ತಾಲ್ಲೂಕಿನ ನರಸಾಪುರದಲ್ಲಿ ತಯಾರಾದ ಐಫೋನೊಂದು ವಿಮಾನ ಹತ್ತಿ ಅಮೆರಿಕಕ್ಕೆ ಹೋಯಿತು ಎನ್ನಿ. ಅದರ ಮಾರಾಟದಿಂದ ಕರ್ನಾಟಕದ ಬೊಕ್ಕಸಕ್ಕೆ ಬರುವ ಜಿಎಸ್‌ಟಿ ಎಷ್ಟು? ಸೊನ್ನೆ. ರಫ್ತಾಗುವ ಸರಕಿನ ಮೇಲೆ ಜಿಎಸ್‌ಟಿ ಉಳಿಯುವುದಿಲ್ಲ. ಅದೇ ಕೈಗಾರಿಕಾ ಪ್ರದೇಶದ ಹೋಂಡಾ ಕಾರ್ಖಾನೆಯಿಂದ ಹೊರಟ ಸ್ಕೂಟರ್ ಪಟ್ನಾದಲ್ಲಿ ಮಾರಾಟವಾದರೆ ರಾಜ್ಯದ ಪಾಲಿನ ತೆರಿಗೆ ಬಿಹಾರಕ್ಕೆ ಸೇರುತ್ತದೆ. ಕೋಲಾರದ್ದೋ ಮುಳಬಾಗಿಲಿನದ್ದೋ ಷೋರೂಮಿನಲ್ಲಿ ಮಾರಾಟವಾದರಷ್ಟೇ ಆ ಪಾಲು ನಮ್ಮ ರಾಜ್ಯಕ್ಕೆ.

ಕೋಲಾರದಲ್ಲಿ ಕೈಗಾರಿಕೆಯ ಮಾತು ಬಂದಾಗಲೆಲ್ಲ ಕೇಳಿಬರುವ ನಂಬಿಕೆಯೊಂದಿದೆ: ಇಷ್ಟೊಂದು ಕಂಪನಿಗಳು ಬಂದಿವೆ, ಸರ್ಕಾರಕ್ಕೆ ತೆರಿಗೆ ಹರಿದು ಬರುತ್ತಿರಬೇಕು, ಹಾಗಿದ್ದ ಮೇಲೆ ಒಂದಿಷ್ಟು ರಿಯಾಯಿತಿ ಕೊಟ್ಟರೆ ತಪ್ಪೇನು? 2017ರ ಜುಲೈ 1ಕ್ಕೆ ಮೊದಲು ಈ ಮಾತಿಗೆ ಒಂದು ಮಟ್ಟಿಗೆ ಆಧಾರವಿತ್ತು. ಸರಕು ತಯಾರಾದ ರಾಜ್ಯಕ್ಕೂ ತೆರಿಗೆಯಲ್ಲಿ ಪಾಲು ಸಿಗುತ್ತಿತ್ತು. ಜಿಎಸ್‌ಟಿ ಬಂದ ದಿನದಿಂದ ತೆರಿಗೆ ಸರಕು ಬಳಕೆಯಾಗುವ ಊರನ್ನು ಹಿಂಬಾಲಿಸುತ್ತದೆ, ತಯಾರಾಗುವ ಊರನ್ನಲ್ಲ. ಉದ್ಯಮಗಳಿಗೆ ಕೊಡುವ ರಿಯಾಯಿತಿಯ ಚರ್ಚೆ ನಮ್ಮಲ್ಲಿ ಇನ್ನೂ ಹಳೆಯ ಲೆಕ್ಕದಲ್ಲೇ ನಡೆಯುತ್ತಿದೆ. ಅದಕ್ಕೆ ಬೆಲೆ ತೆರುತ್ತಿರುವವರು ಜಮೀನು, ನೀರು, ದುಡಿಮೆ ಮೂರನ್ನೂ ಕೊಟ್ಟ ಕೋಲಾರದಂಥ ಜಿಲ್ಲೆಗಳ ಜನ.

ಏನೇನು ಕೊಡುತ್ತೇವೆ?

2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ ಹೂಡಿಕೆದಾರರ ಸಮಾವೇಶದಲ್ಲಿ ರಾಜ್ಯ ಸರ್ಕಾರ 2025–30ರ ಕೈಗಾರಿಕಾ ನೀತಿಯನ್ನು ಬಿಡುಗಡೆ ಮಾಡಿತು. ಐದು ವರ್ಷದಲ್ಲಿ 7.5 ಲಕ್ಷ ಕೋಟಿ ರೂಪಾಯಿ ಹೂಡಿಕೆ, 20 ಲಕ್ಷ ಉದ್ಯೋಗ ಅದರ ಗುರಿ. ಸಮಾವೇಶ ಮುಗಿಯುವ ಹೊತ್ತಿಗೆ 10.27 ಲಕ್ಷ ಕೋಟಿ ರೂಪಾಯಿಯ ಭರವಸೆ ಸಿಕ್ಕಿತೆಂದೂ, ಅದರಲ್ಲಿ ಮುಕ್ಕಾಲು ಪಾಲು ಬೆಂಗಳೂರಿನಾಚೆಗೆ ಹೋಗಲಿದೆಯೆಂದೂ ಸರ್ಕಾರ ಹೇಳಿತು.

ಈ ಭರವಸೆಗಳ ಬೆನ್ನಿಗೆ ರಿಯಾಯಿತಿಗಳ ಪಟ್ಟಿಯೂ ಇರುತ್ತದೆ. ಜಮೀನು ನೋಂದಣಿಗೆ ಮುದ್ರಾಂಕ ಶುಲ್ಕದ ವಿನಾಯಿತಿ, ಭೂಪರಿವರ್ತನೆ ಶುಲ್ಕದ ಮರುಪಾವತಿ, ವಿದ್ಯುತ್ ತೆರಿಗೆಯಲ್ಲಿ ವಿನಾಯಿತಿ, ತ್ಯಾಜ್ಯನೀರು ಶುದ್ಧೀಕರಣ ಘಟಕಕ್ಕೆ ಸಹಾಯಧನ ನಮ್ಮ ಕೈಗಾರಿಕಾ ನೀತಿಗಳಲ್ಲಿ ಬಹುಕಾಲದಿಂದ ಬಂದಿರುವಂಥವು. ಇವೆಲ್ಲಕ್ಕಿಂತ ದೊಡ್ಡದು ನಗದು ಪ್ರೋತ್ಸಾಹಧನ. ವ್ಯಾಟ್ ಕಾಲದಲ್ಲಿ ಕಂಪನಿ ಕಟ್ಟಿದ ತೆರಿಗೆಯನ್ನೇ ಬಡ್ಡಿಯಿಲ್ಲದ ಸಾಲವಾಗಿ ಹಿಂತಿರುಗಿಸುತ್ತಿದ್ದರು. ಜಿಎಸ್‌ಟಿ ಬಂದ ಮೇಲೆ ಹಿಂತಿರುಗಿಸಲು ರಾಜ್ಯದ ಕೈಯಲ್ಲಿ ತೆರಿಗೆಯೇ ಕಡಿಮೆಯಾಯಿತು. ಆದ್ದರಿಂದ 2020–25ರ ನೀತಿಯಲ್ಲಿ ಪ್ರೋತ್ಸಾಹಧನವನ್ನು ಕಂಪನಿಯ ವಾರ್ಷಿಕ ವಹಿವಾಟಿಗೆ ಜೋಡಿಸಲಾಯಿತು. ಹೂಡಿದ ಬಂಡವಾಳದ ಮೇಲೆ ಸಹಾಯಧನ ಬೇಕೋ, ಉತ್ಪಾದನೆಯ ಮೇಲೆ ಬೇಕೋ ಎಂದು ಆರಿಸಿಕೊಳ್ಳುವ ಅವಕಾಶವನ್ನು ಹೊಸ ನೀತಿ ಕಂಪನಿಗಳಿಗೇ ಬಿಟ್ಟಿದೆ.

ಇದರ ಮೇಲೆ ಕೇಂದ್ರದ್ದು ಬೇರೆ. 2019ರ ಸೆಪ್ಟೆಂಬರಿನಲ್ಲಿ ಕಂಪನಿಗಳ ಆದಾಯ ತೆರಿಗೆಯನ್ನು ಶೇ 22ಕ್ಕೂ, ಹೊಸ ಉತ್ಪಾದನಾ ಘಟಕಗಳಿಗೆ ಶೇ 15ಕ್ಕೂ ಇಳಿಸಲಾಯಿತು. 2020ರಲ್ಲಿ ಎಲೆಕ್ಟ್ರಾನಿಕ್ಸ್ ಉತ್ಪಾದನೆಗೆ 40,951 ಕೋಟಿ ರೂಪಾಯಿಯ ಪ್ರೋತ್ಸಾಹ ಯೋಜನೆ ಬಂತು. ಹೆಚ್ಚುವರಿ ಮಾರಾಟದ ಶೇ 4ರಿಂದ 6ರಷ್ಟನ್ನು ಐದು ವರ್ಷ ನಗದಾಗಿ ಕೊಡುವ ಯೋಜನೆಯಿದು. ನರಸಾಪುರದಲ್ಲಿ ಐಫೋನ್ ಕಾರ್ಖಾನೆ ತೆರೆದ ತೈವಾನಿನ ವಿಸ್ಟ್ರಾನ್ ಇದರ ಫಲಾನುಭವಿಗಳಲ್ಲಿ ಒಂದು.

ಮಾರಾಟವನ್ನೇ ಅಳತೆಗೋಲು ಮಾಡಿಕೊಂಡರೆ ಒಂದು ತೊಡಕು ಬರುತ್ತದೆ. ಫೋನಿನ ಬೆಲೆಯಲ್ಲಿ ದೊಡ್ಡ ಪಾಲು ಹೊರದೇಶದಿಂದ ಬಂದ ಚಿಪ್ಪು, ಪರದೆ, ಕ್ಯಾಮೆರಾಗಳದ್ದು. ನಮ್ಮ ಊರಿನ ದುಡಿಮೆ ಅದಕ್ಕೆ ಸೇರಿಸುವ ಮೌಲ್ಯ ಸಣ್ಣದು. ಆದರೂ ಸಹಾಯಧನದ ಲೆಕ್ಕ ಹಾಕುವುದು ಫೋನಿನ ಒಟ್ಟು ಬೆಲೆಯ ಮೇಲೆ. ರಿಸರ್ವ್ ಬ್ಯಾಂಕಿನ ಮಾಜಿ ಗವರ್ನರ್ ರಘುರಾಮ್ ರಾಜನ್ 2023ರಲ್ಲಿ ಎತ್ತಿದ ಆಕ್ಷೇಪಣೆ ಇದೇ. ನಾವು ತಯಾರಕರಾಗುತ್ತಿದ್ದೇವೋ, ಬರೀ ಜೋಡಿಸುವವರಾಗಿ ಉಳಿಯುತ್ತಿದ್ದೇವೋ ಎಂದು ಅವರು ಕೇಳಿದ್ದರು.

ಹಣ ಹಿಂದಿರುಗುವ ದಾರಿ

ಹಾಗಾದರೆ ರಾಜ್ಯಕ್ಕೆ ಏನೂ ಬರುವುದಿಲ್ಲವೇ? ಖಂಡಿತ ಬರುತ್ತದೆ, ಆದರೆ ಸುತ್ತು ಹಾಕಿ ಬರುತ್ತದೆ. ನರಸಾಪುರದಲ್ಲಿ ಸಂಬಳ ಪಡೆದ ಹುಡುಗಿ ಕೋಲಾರದಲ್ಲಿ ಬಟ್ಟೆ ಕೊಂಡರೆ, ಊರಿನ ಮನೆಗೆ ಫ್ರಿಜ್ ಕೊಡಿಸಿದರೆ ಅಲ್ಲಿ ತೆರಿಗೆ ಹುಟ್ಟುತ್ತದೆ. ಪೆಟ್ರೋಲ್, ಮದ್ಯ ಜಿಎಸ್‌ಟಿಯ ಹೊರಗಿರುವುದರಿಂದ ಅವುಗಳ ಮೇಲೆ ರಾಜ್ಯ ವಿಧಿಸುವ ತೆರಿಗೆ ಪೂರ್ತಿ ರಾಜ್ಯಕ್ಕೇ. ವಾಹನ ನೋಂದಣಿ, ಸುತ್ತಲಿನ ನಿವೇಶನಗಳ ನೋಂದಣಿಯ ಆದಾಯವೂ ಏರುತ್ತದೆ. ಎಂದರೆ ರಾಜ್ಯಕ್ಕೆ ಹಣ ಹಿಂದಿರುಗುವುದು ಮುಖ್ಯವಾಗಿ ಕೆಲಸಗಾರರ ಸಂಬಳದ ಮೂಲಕ. ಸಂಬಳ ಚೆನ್ನಾಗಿದ್ದು, ಕೆಲಸ ಕಾಯಂ ಆಗಿದ್ದು, ದುಡಿಯುವವರು ಇದೇ ಜಿಲ್ಲೆಯವರಾಗಿದ್ದರೆ ಕೊಟ್ಟ ರಿಯಾಯಿತಿ ತಿರುಗಿ ಬರುತ್ತದೆ. ಏಜೆನ್ಸಿ ಮೂಲಕ ಕೆಲವು ತಿಂಗಳಿಗೆ ಬಂದುಹೋಗುವ ಕೆಲಸಗಳಾದರೆ ಬರುವುದಿಲ್ಲ.

ಕಾರ್ಖಾನೆಯಿಂದ ರಾಜ್ಯ ನೇರವಾಗಿ ಪಡೆಯಬಹುದಾದದ್ದು ಮುದ್ರಾಂಕ ಶುಲ್ಕ ಮತ್ತು ವಿದ್ಯುತ್ ತೆರಿಗೆ. ರಿಯಾಯಿತಿ ಪಟ್ಟಿಯಲ್ಲಿ ನಾವು ಮೊದಲು ಬಿಟ್ಟುಕೊಡುವುದೂ ಅವನ್ನೇ. ಕಂಪನಿಯ ಲಾಭದ ಮೇಲಿನ ತೆರಿಗೆ ಕೇಂದ್ರದ್ದು. ಹಂಚಿಕೆಯ ನಿಧಿಯಲ್ಲಿ ಶೇ 41 ರಾಜ್ಯಗಳಿಗೆ ಬರುತ್ತದೆ ನಿಜ, ಆದರೆ ಅದರಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದ ಕಾಲದಲ್ಲಿ ಶೇ 4.713 ಇದ್ದದ್ದು 15ನೇ ಆಯೋಗದ ಕಾಲಕ್ಕೆ ಶೇ 3.647ಕ್ಕೆ ಇಳಿಯಿತು. ತಲಾದಾಯ ಏರಿದ ರಾಜ್ಯಕ್ಕೆ ಪಾಲು ಇಳಿಯುವುದು ಆ ಸೂತ್ರದ ಗುಣ. ಬೆಳವಣಿಗೆಯ ಅಂಕಿ ನಮ್ಮ ಹೆಸರಿನಲ್ಲಿ, ಅದರ ತೆರಿಗೆ ಬೇರೆಡೆಗೆ. ಈ ಪರಿಸ್ಥಿತಿಯಲ್ಲಿ ನಾವು ಬಿಟ್ಟುಕೊಡುವ ಪ್ರತಿ ರೂಪಾಯಿಯೂ ತೂಕದ್ದು.

ಗಡಿಯಾಚೆಯ ಪೈಪೋಟಿ

ರಿಯಾಯಿತಿ ಬೇಕೆನ್ನುವವರ ವಾದವನ್ನು ತಳ್ಳಿಹಾಕುವಂತಿಲ್ಲ. ನೆರೆ ರಾಜ್ಯಗಳ ಪೈಪೋಟಿಯ ಬಿಸಿ ಕೋಲಾರಕ್ಕಿಂತ ಚೆನ್ನಾಗಿ ಬೇರೆ ಯಾವ ಜಿಲ್ಲೆಗೂ ಗೊತ್ತಿರಲಾರದು. ಮಾಲೂರಿನ ಆಚೆಗೆ ತಮಿಳುನಾಡಿನ ಹೊಸೂರು. ಮುಳಬಾಗಿಲು ದಾಟಿದರೆ ಆಂಧ್ರದ ಪಲಮನೇರು. ಕೆಜಿಎಫ್ ಪಕ್ಕದ ಕುಪ್ಪಂ ಅಲ್ಲಿನ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಅವರದೇ ಕ್ಷೇತ್ರ. 2025ರ ಏಪ್ರಿಲ್‌ನಲ್ಲಿ ಆಂಧ್ರ ಸರ್ಕಾರ ವಿಶಾಖಪಟ್ಟಣದಲ್ಲಿ ಟಿಸಿಎಸ್ ಕಂಪನಿಗೆ 21.16 ಎಕರೆಯನ್ನು 99 ಪೈಸೆಗೆ ಕೊಟ್ಟಿತು. ಅದೇ ವರ್ಷದ ಜುಲೈನಲ್ಲಿ, ರೈತರ ದೀರ್ಘ ಹೋರಾಟಕ್ಕೆ ಮಣಿದು ದೇವನಹಳ್ಳಿಯ ಚನ್ನರಾಯಪಟ್ಟಣದ 1,777 ಎಕರೆ ಸ್ವಾಧೀನವನ್ನು ಮುಖ್ಯಮಂತ್ರಿ ಸಿದ್ದರಾಮಯ್ಯ ಕೈಬಿಟ್ಟ ಕೂಡಲೇ, ವೈಮಾನಿಕ ಉದ್ಯಮಗಳು ತಮ್ಮಲ್ಲಿಗೆ ಬರಲಿ ಎಂದು ಆಂಧ್ರದ ಸಚಿವ ನಾರಾ ಲೋಕೇಶ್ ಬಹಿರಂಗ ಆಹ್ವಾನ ಕೊಟ್ಟರು.

ಕಾರ್ಖಾನೆ ಬಂದರೆ ಬದುಕು ಬದಲಾಗುತ್ತದೆ ಎಂಬುದೂ ಸುಳ್ಳಲ್ಲ. 2013ರಲ್ಲಿ ನರಸಾಪುರದಲ್ಲಿ ಶುರುವಾದ ಹೋಂಡಾ ಘಟಕದ ಸಾಮರ್ಥ್ಯ ನಾಲ್ಕು ವರ್ಷಗಳಲ್ಲಿ 24 ಲಕ್ಷ ದ್ವಿಚಕ್ರ ವಾಹನಗಳಿಗೆ ಏರಿತು. ಅದರ ಹಿಂದೆ ಬಿಡಿಭಾಗದ ಕಾರ್ಖಾನೆಗಳು ಬಂದವು. ಏರ್‌ಬಸ್‌ನ ಎಚ್125 ಹೆಲಿಕಾಪ್ಟರ್ ಜೋಡಣೆಗೆ 2025ರಲ್ಲಿ ವೇಮಗಲ್ ಆಯ್ಕೆಯಾಯಿತು. ಕೊಳವೆಬಾವಿ ಬತ್ತಿ ಬೇಸಾಯ ಬಿಟ್ಟ ಮನೆಗಳ ಮಕ್ಕಳಿಗೆ ಕಂಪನಿ ಬಸ್ಸು ಊರ ಬಾಗಿಲಿಗೆ ಬರುವುದು ಸಣ್ಣ ಸಂಗತಿಯಲ್ಲ.

ಇಲ್ಲಿ ಕೇಳಬೇಕಾದ ಪ್ರಶ್ನೆಯೇ ಬೇರೆ: ಇವರು ಬಂದದ್ದು ರಿಯಾಯಿತಿಗೋ, ಬೇರೆ ಕಾರಣಕ್ಕೋ? ಬೆಂಗಳೂರು–ಚೆನ್ನೈ ಹೆದ್ದಾರಿ, ಚೆನ್ನೈ ಬಂದರು, ಒಂದೂವರೆ ಗಂಟೆಯಲ್ಲಿ ಬೆಂಗಳೂರು, ಐಟಿಐ ಮತ್ತು ಡಿಪ್ಲೊಮಾ ಓದಿದ ಹುಡುಗರು ಕೋಲಾರದ ನಿಜವಾದ ಆಕರ್ಷಣೆ. ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆ ಮಾರ್ಗವಾಗಿ ಬೇತಮಂಗಲದವರೆಗಿನ 71 ಕಿ.ಮೀ. ಎಕ್ಸ್‌ಪ್ರೆಸ್‌ವೇ 2024ರ ಕೊನೆಗೆ ಸಂಚಾರಕ್ಕೆ ತೆರೆದ ಮೇಲೆ ಇದು ಇನ್ನೂ ಹೆಚ್ಚಿದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಟಿಮೊತಿ ಬಾರ್ಟಿಕ್ ಅಲ್ಲಿನ ಅಧ್ಯಯನಗಳನ್ನೆಲ್ಲ ಒಟ್ಟುಮಾಡಿ 2018ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ, ರಿಯಾಯಿತಿ ಸಿಕ್ಕಿದ್ದರಿಂದಲೇ ಜಾಗ ಆಯ್ದುಕೊಂಡ ಕಂಪನಿಗಳು ನೂರಕ್ಕೆ 2ರಿಂದ 25. ಉಳಿದವು ಹೇಗಿದ್ದರೂ ಅಲ್ಲಿಗೇ ಬರುತ್ತಿದ್ದವು.

ಅದೇ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಅನುಭವ ನಮಗೆ ಇನ್ನೂ ಹತ್ತಿರದ್ದು, ಏಕೆಂದರೆ ಅಲ್ಲಿದ್ದ ಕಂಪನಿ ಈಗ ದೇವನಹಳ್ಳಿಯಲ್ಲಿರುವ ಫಾಕ್ಸ್‌ಕಾನ್. 2017ರಲ್ಲಿ 1,000 ಕೋಟಿ ಡಾಲರ್ ಹೂಡಿಕೆ, 13,000 ಉದ್ಯೋಗ ಎಂದು ಒಪ್ಪಂದವಾಯಿತು. ಪ್ರತಿಯಾಗಿ ಸುಮಾರು 300 ಕೋಟಿ ಡಾಲರ್ ರಿಯಾಯಿತಿ. 2021ರಲ್ಲಿ ಒಪ್ಪಂದ ತಿದ್ದಿದಾಗ ಹೂಡಿಕೆ 67.2 ಕೋಟಿ ಡಾಲರಿಗೆ, ಉದ್ಯೋಗ 1,454ಕ್ಕೆ, ರಿಯಾಯಿತಿ 8 ಕೋಟಿ ಡಾಲರಿಗೆ ಇಳಿಯಿತು. ಕೆಲಸ ಕೊಟ್ಟರೆ ಮಾತ್ರ ಹಣ ಎಂಬ ಷರತ್ತು ಇದ್ದುದರಿಂದ ರಾಜ್ಯ ಬಚಾವಾಯಿತು. ಜಾಗ, ರಸ್ತೆ, ನೀರಿಗೆಂದು ಮುಂಚೆಯೇ ಖರ್ಚು ಮಾಡಿದ್ದ ಸ್ಥಳೀಯ ಆಡಳಿತಗಳ ಮೇಲೆ ಹೊರೆ ಉಳಿಯಿತು.

ನಮ್ಮಲ್ಲೂ ಈ ಮಾತು ಎದ್ದಿದೆ. 2024ರ ಜೂನ್‌ನಲ್ಲಿ, ಕೇಂದ್ರದ ಬೃಹತ್ ಕೈಗಾರಿಕೆ ಸಚಿವರಾದ ಹೊಸತರಲ್ಲಿ ಎಚ್.ಡಿ. ಕುಮಾರಸ್ವಾಮಿ ಗುಜರಾತಿನ ಮೈಕ್ರಾನ್ ಘಟಕದ ಉದಾಹರಣೆ ಕೊಟ್ಟು, ಸುಮಾರು 5,000 ಉದ್ಯೋಗಕ್ಕೆ 200 ಕೋಟಿ ಡಾಲರ್ ಸಹಾಯಧನ ಸರಿಯೇ, ಪೀಣ್ಯದ ಸಣ್ಣ ಕೈಗಾರಿಕೆಗಳು ಕೊಟ್ಟಿರುವ ಕೆಲಸಗಳಿಗೆ ಪ್ರತಿಯಾಗಿ ಅವಕ್ಕೆ ಏನು ಸಿಕ್ಕಿದೆ ಎಂದು ಕೇಳಿದ್ದರು. ಆಮೇಲೆ ಅವರು ಸ್ಪಷ್ಟನೆ ಕೊಟ್ಟು ಸುಮ್ಮನಾದರು. ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ.

2020ರ ಡಿಸೆಂಬರ್ 12

ಕೆಲಸದ ಗುಣಮಟ್ಟ ನೋಡದೆ ಕೆಲಸದ ಸಂಖ್ಯೆಗೆ ಮಾತ್ರ ಚಪ್ಪಾಳೆ ತಟ್ಟಿದರೆ ಏನಾಗುತ್ತದೆ ಎಂಬುದನ್ನು ನರಸಾಪುರ ಕಣ್ಣಾರೆ ಕಂಡಿದೆ. ಅಂದು ಬೆಳಗಿನ ಜಾವ ರಾತ್ರಿ ಪಾಳಿ ಮುಗಿಸಿದ ಕಾರ್ಮಿಕರು ವಿಸ್ಟ್ರಾನ್ ಕಾರ್ಖಾನೆಯ ಗಾಜು ಒಡೆದರು, ವಾಹನ ಉರುಳಿಸಿದರು. 437 ಕೋಟಿ ರೂಪಾಯಿ ನಷ್ಟವೆಂಬ ದೂರು ದಾಖಲಾಯಿತು. ತೈವಾನಿನ ಷೇರುಪೇಟೆಗೆ ಕಂಪನಿಯೇ ಕೊಟ್ಟ ಲೆಕ್ಕ ಅದಕ್ಕಿಂತ ಬಹಳ ಕಡಿಮೆ ಇತ್ತು. ನೂರಕ್ಕೂ ಹೆಚ್ಚು ಯುವಕರು ಬಂಧನಕ್ಕೊಳಗಾದರು.

ಹಿಂಸೆಯನ್ನು ಯಾರೂ ಸಮರ್ಥಿಸಲಾರರು. ಆದರೆ ಅದರ ಹಿನ್ನೆಲೆಯನ್ನು ಬರೆದಿಟ್ಟದ್ದು ಕಾರ್ಮಿಕ ಸಂಘಟನೆ ಮಾತ್ರವಲ್ಲ, ಸರ್ಕಾರದ ಕಾರ್ಖಾನೆಗಳ ಇಲಾಖೆ ಕೂಡ. ಕೆಲವೇ ತಿಂಗಳಲ್ಲಿ ಕಾರ್ಮಿಕರ ಸಂಖ್ಯೆ ಹತ್ತು ಸಾವಿರ ದಾಟಿತ್ತು. ಬಹುಪಾಲು ಜನ ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. ಪಾಳಿ ಹನ್ನೆರಡು ಗಂಟೆಯದಾಗಿತ್ತು. ಹಾಜರಾತಿಗೂ ಸಂಬಳಕ್ಕೂ ತಾಳೆಯಾಗುತ್ತಿರಲಿಲ್ಲ. ಎಂಜಿನಿಯರಿಂಗ್ ಓದಿದವರು ತಮಗೆ 21,000 ರೂಪಾಯಿ ಎಂದು ಹೇಳಿ ಅದಕ್ಕಿಂತ ಬಹಳ ಕಡಿಮೆ ಕೊಟ್ಟರೆಂದು ದೂರಿದರು. ಸಂಬಳದಲ್ಲಿ ತಪ್ಪಾಗಿದೆ ಎಂದು ಕಂಪನಿಯೂ ಒಪ್ಪಿ ಕ್ಷಮೆ ಕೇಳಿತು, ಭಾರತದ ವಹಿವಾಟಿನ ಹೊಣೆ ಹೊತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಆ್ಯಪಲ್ ಕಂಪನಿ ಹೊಸ ಆರ್ಡರ್ ನಿಲ್ಲಿಸಿ, ತಪ್ಪು ಸರಿಯಾಗುವವರೆಗೆ ನಿಗಾ ಇಟ್ಟಿತು. 2023ರಲ್ಲಿ ಟಾಟಾ ಎಲೆಕ್ಟ್ರಾನಿಕ್ಸ್ 12.5 ಕೋಟಿ ಡಾಲರಿಗೆ ಕಾರ್ಖಾನೆಯನ್ನು ಕೊಂಡಿತು.

ನಮಗೆ ನಾಚಿಕೆಯಾಗಬೇಕಾದದ್ದು ಇಲ್ಲಿ: ಸಂಬಳ ಸರಿಪಡಿಸಿ ಎಂದು ಮೊದಲು ಕಣ್ಣು ಕೆಂಪಗೆ ಮಾಡಬೇಕಿದ್ದದ್ದು ಜಮೀನು, ರಿಯಾಯಿತಿ ಕೊಟ್ಟ ಸರ್ಕಾರ. ಕ್ರಮದ ಬೆದರಿಕೆ ಕಂಪನಿಗೆ ತಟ್ಟಿದ್ದು ಕ್ಯಾಲಿಫೋರ್ನಿಯಾದ ಗ್ರಾಹಕನಿಂದ. ಸ್ಥಳೀಯರಿಗೆ ಕೆಲಸ ಎಂಬ ಷರತ್ತಿನ ಕಥೆಯೂ ಇದೇ. ಸರೋಜಿನಿ ಮಹಿಷಿ ವರದಿಯ ಕಾಲದಿಂದ ಕೈಗಾರಿಕಾ ನೀತಿಗಳಲ್ಲಿ ಆ ಷರತ್ತು ಬರುತ್ತಲೇ ಇದೆ. ಅದಕ್ಕೆ ಕಾನೂನಿನ ಬಲ ಕೊಡುವ ಮಸೂದೆ 2024ರ ಜುಲೈನಲ್ಲಿ ಸಂಪುಟದ ಒಪ್ಪಿಗೆ ಪಡೆದು, ಉದ್ಯಮಿಗಳ ವಿರೋಧ ಬಂದೊಡನೆ ತಡೆಗೆ ಒಳಗಾಯಿತು.

ತೋತಾಪುರಿ ಗಡಿಯಲ್ಲಿ ನಿಂತಾಗ

ಇನ್ನು ಜಿಲ್ಲೆಯ ಉತ್ತರಕ್ಕೆ, ಶ್ರೀನಿವಾಸಪುರಕ್ಕೆ ಬನ್ನಿ. ಮಾವಿನ ತಾಲ್ಲೂಕು. ಇಲ್ಲಿನ ತೋತಾಪುರಿ ಹಣ್ಣಿಗೆ ದೊಡ್ಡ ಗಿರಾಕಿ ಆಂಧ್ರದ ಚಿತ್ತೂರು ಜಿಲ್ಲೆಯ ಪಲ್ಪ್ ಕಾರ್ಖಾನೆಗಳು. 2025ರ ಜೂನ್ 7ರಂದು ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿಗೆ ನಿರ್ಬಂಧ ಹಾಕಿತು. ತಮ್ಮ ರೈತರ ಹಣ್ಣಿಗೇ ಬೆಲೆ ಸಿಗುತ್ತಿಲ್ಲ ಎಂಬುದು ಕಾರಣ. ಗಡಿಯಲ್ಲಿ ಲಾರಿಗಳು ನಿಂತವು. ಮಂಡಿಯಲ್ಲಿ ಬೆಲೆ ಕುಸಿಯಿತು. ರೈತರು ಶ್ರೀನಿವಾಸಪುರ ಬಂದ್ ಮಾಡಿದರು. ಮುಖ್ಯಮಂತ್ರಿ ಆಂಧ್ರಕ್ಕೆ ಪತ್ರ ಬರೆದರು. ಕೊನೆಗೆ 2.5 ಲಕ್ಷ ಟನ್ ಮಾವಿಗೆ ಬೆಲೆ ವ್ಯತ್ಯಾಸ ತುಂಬಿಕೊಡಲು ಕೇಂದ್ರ ಒಪ್ಪಿತು.

ಕೊಯ್ದ ತೋತಾಪುರಿ ದಿನಗಟ್ಟಲೆ ಲಾರಿಯಲ್ಲಿ ಕಾಯಲಾರದು. ಪಲ್ಪ್ ಮಾಡುವ ಕಾರ್ಖಾನೆ ಕೂಗಳತೆಯಲ್ಲಿದ್ದರೆ ರೈತ ಬೇರೆ ಜಿಲ್ಲೆಯ ಕಲೆಕ್ಟರ್ ಆದೇಶಕ್ಕೆ ಹೆದರಬೇಕಿರಲಿಲ್ಲ. ಕೋಲಾರ ಎಪಿಎಂಸಿಯ ಟೊಮೆಟೊ ಕಥೆ ಇದರ ಇನ್ನೊಂದು ರೂಪ. 2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸು 2,000 ರೂಪಾಯಿ ದಾಟಿತ್ತು. ಬೆಲೆ ಬಿದ್ದ ವರ್ಷಗಳಲ್ಲಿ ಅದೇ ಹಣ್ಣನ್ನು ರೈತರು ರಸ್ತೆ ಬದಿ ಸುರಿದಿದ್ದಾರೆ. ಮಾವು, ಟೊಮೆಟೊ ಸಂಸ್ಕರಣೆಯ ಕಾರ್ಖಾನೆಗೆ ಬೇಕಾದ ಕಚ್ಚಾ ಮಾಲು ಸಮುದ್ರ ದಾಟಿ ಬರಬೇಕಿಲ್ಲ, ನಮ್ಮ ಹೊಲದಿಂದಲೇ ಬರುತ್ತದೆ. ಹೆಚ್ಚಿದ ಮೌಲ್ಯವೂ ಇಲ್ಲೇ ಉಳಿಯುತ್ತದೆ. ಇಷ್ಟೆಲ್ಲ ಅನುಕೂಲವಿರುವ ಉದ್ಯಮ ಗಡಿಯಾಚೆ ಬೆಳೆದು ಈಚೆ ಸೊರಗಿದೆ ಎಂದರೆ ನಮ್ಮ ಪ್ರೋತ್ಸಾಹದ ಕಣ್ಣು ಹೆದ್ದಾರಿಯ ಪಕ್ಕಕ್ಕಷ್ಟೇ ನೆಟ್ಟಿದೆ ಎಂದೇ ಅರ್ಥ.

ಉದ್ಯಮಕ್ಕೂ ಬೇಸಾಯಕ್ಕೂ ಮೊದಲ ಬೇಡಿಕೆ ನೀರು. ಜೀವನದಿಯಿಲ್ಲದ ಈ ಜಿಲ್ಲೆಯಲ್ಲಿ ಕೊಳವೆಬಾವಿ ಸಾವಿರ ಅಡಿ ದಾಟಿ ಎಷ್ಟೋ ಕಾಲವಾಯಿತು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಕೆರೆಗಳಿಗೆ ಹರಿದಾಗ ಅಂತರ್ಜಲ ಏರಿದ್ದು ನಿಜ. ಅದು ಬೆಂಗಳೂರಿನ ಕೊಳಚೆಯನ್ನು ಎರಡನೇ ಹಂತದವರೆಗೆ ಮಾತ್ರ ಶುದ್ಧೀಕರಿಸಿದ ನೀರು ಎಂಬುದೂ ನಿಜ. ಮೂರನೇ ಹಂತದ ಶುದ್ಧೀಕರಣ ಮಾಡಿ ಎಂದು ರೈತರು ಕೇಳುತ್ತಲೇ ಬಂದಿದ್ದಾರೆ. ಅದಕ್ಕೆ ಹಣ ಹೊಂದಿಸದೆ ಸರ್ಕಾರ ರಿಯಾಯಿತಿಗೆ ಹಣ ಹೊಂದಿಸುವುದನ್ನು ಒಪ್ಪಿಕೊಳ್ಳುವುದು ಹೇಗೆ?

ಶಿವನಸಮುದ್ರದ ಕರೆಂಟು

ದೊಡ್ಡ ಉದ್ಯಮವನ್ನು ನಡೆಸಿಕೊಳ್ಳುವ ಬೇರೆ ದಾರಿಯನ್ನು ಈ ಜಿಲ್ಲೆಯೇ ಒಮ್ಮೆ ನೋಡಿದೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೋಲಾರದ ಚಿನ್ನದ ಗಣಿಗಳನ್ನು ವಹಿಸಿಕೊಂಡಿತು. ಗಣಿಗೆ ಬೇಕಿದ್ದದ್ದು ವಿದ್ಯುತ್. ಮೈಸೂರು ಸರ್ಕಾರ ತನ್ನ ಹಣದಲ್ಲಿ ಶಿವನಸಮುದ್ರದಲ್ಲಿ ಜಲವಿದ್ಯುತ್ ಕೇಂದ್ರ ಕಟ್ಟಿ, 92 ಮೈಲಿ ತಂತಿ ಎಳೆದು 1902ರಲ್ಲಿ ಗಣಿಗೆ ಕರೆಂಟು ಕೊಟ್ಟಿತು. ಕೊಟ್ಟದ್ದು ಪುಕ್ಕಟೆ ಅಲ್ಲ, ಮಾರಿದ್ದು. ತೆಗೆದ ಚಿನ್ನದ ಮೇಲೆ ರಾಜಧನವನ್ನೂ ವಸೂಲು ಮಾಡಿತು. 1905ರಲ್ಲಿ ಅದೇ ಕೇಂದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿ ದೀಪಗಳು ಉರಿದವು.

ಆ ಕಾಲವನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಲಾಭ ಲಂಡನ್ನಿಗೆ ಹೋಯಿತು, ಬಂಡೆ ಸಿಡಿತಕ್ಕೂ ಶ್ವಾಸಕೋಶದ ಕಾಯಿಲೆಗೂ ಬಲಿಯಾದವರು ಗಣಿ ಕಾರ್ಮಿಕರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಕೆಜಿಎಫ್ ಜನಕ್ಕೆ ಉಳಿದದ್ದು ಸೈನೈಡ್ ದಿಬ್ಬಗಳು ಮತ್ತು ಬೆಂಗಳೂರಿಗೆ ಬೆಳಗಿನ ರೈಲು. ಆದರೆ ಶಿವನಸಮುದ್ರದ ವಿದ್ಯುತ್ ಕೇಂದ್ರ ಗಣಿಗಳಿಗಿಂತ ಹೆಚ್ಚು ಕಾಲ ಬಾಳಿತು. ಕಂಪನಿಗಳು ಬರುತ್ತವೆ, ಹೋಗುತ್ತವೆ. ನರಸಾಪುರದಲ್ಲೇ ಸ್ಕ್ಯಾನಿಯಾ ಬಸ್ ತಯಾರಿಕೆ ಶುರುಮಾಡಿ 2018ರಲ್ಲಿ ನಿಲ್ಲಿಸಿತು. ಬಿಟ್ಟುಕೊಟ್ಟ ತೆರಿಗೆ ಕಂಪನಿಯ ಜೊತೆಗೇ ಹೋಗುತ್ತದೆ. ರಸ್ತೆ, ನೀರು, ತರಬೇತಿ ಕೇಂದ್ರ, ಹಾಸ್ಟೆಲ್, ಆಸ್ಪತ್ರೆ ಊರಿನಲ್ಲೇ ಉಳಿಯುತ್ತವೆ. ಮುಂದೆ ಬರುವ ಕಂಪನಿಯನ್ನು ಕರೆತರುವುದೂ ಅವೇ.

ಮಾಡಬೇಕಾದದ್ದು

ಆದ್ದರಿಂದ ರಿಯಾಯಿತಿಯನ್ನು ಪೂರ್ತಿ ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. ನೆರೆಯ ರಾಜ್ಯಗಳು ಕೊಡುತ್ತಿರುವಾಗ ನಾವೊಬ್ಬರೇ ನಿಲ್ಲಿಸುವುದು ಸುಲಭವೂ ಅಲ್ಲ. ಕೊಡುವ ರೀತಿ ಬದಲಾಗಲಿ. ಸಹಾಯಧನದ ಲೆಕ್ಕ ವಹಿವಾಟಿನ ಮೇಲಲ್ಲ, ಭವಿಷ್ಯನಿಧಿ ಖಾತೆಯಿರುವ ನೇರ ಉದ್ಯೋಗಗಳ ಮೇಲೆ ನಿಲ್ಲಲಿ. ಸಂಬಳ ಬಾಕಿ ಉಳಿಸಿದ, ಕೊಟ್ಟ ಮಾತಿನಷ್ಟು ಕೆಲಸ ಕೊಡದ ಕಂಪನಿಯಿಂದ ಹಣ ಹಿಂಪಡೆಯುವ ಷರತ್ತು ಒಪ್ಪಂದದಲ್ಲಿರಲಿ. ಮಾವು, ಟೊಮೆಟೊ ಸಂಸ್ಕರಣೆಗೆ ಶ್ರೀನಿವಾಸಪುರ, ಮುಳಬಾಗಿಲುಗಳಲ್ಲಿ ಮೊದಲ ಆದ್ಯತೆ ಸಿಗಲಿ. ಎಲ್ಲಕ್ಕಿಂತ ಮುಖ್ಯವಾಗಿ, ಲೆಕ್ಕ ಬಹಿರಂಗವಾಗಲಿ. ಅಮೆರಿಕದಲ್ಲಿ ಬಿಟ್ಟುಕೊಟ್ಟ ತೆರಿಗೆಯನ್ನು ಸ್ಥಳೀಯ ಸರ್ಕಾರಗಳು ತಮ್ಮ ಲೆಕ್ಕಪತ್ರದಲ್ಲಿ ತೋರಿಸಬೇಕೆಂಬ ಮಾನದಂಡ 2015ರಲ್ಲೇ ಬಂದಿದೆ.

ನಮಗೆ ಹೊಸ ಕಾನೂನೂ ಬೇಕಿಲ್ಲ. ಸಹಾಯಧನ ಪಡೆದವರು ಯಾರು, ಎಷ್ಟು, ರಿಯಾಯಿತಿ ಯಾರಿಗೆ ಎಂಬುದನ್ನು ಸರ್ಕಾರ ತಾನಾಗಿಯೇ ಪ್ರಕಟಿಸಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮು ಹೇಳುತ್ತದೆ. ನಿಮ್ಮ ತಾಲ್ಲೂಕಿನ ಕೈಗಾರಿಕಾ ಪ್ರದೇಶದ ಪ್ರತಿ ಕಂಪನಿಗೆ ಕೊಟ್ಟ ಜಮೀನು, ರಿಯಾಯಿತಿ, ಅದು ಒಪ್ಪಿಕೊಂಡ ಉದ್ಯೋಗ, ನಿಜವಾಗಿ ಕೊಟ್ಟ ಉದ್ಯೋಗ ಈ ನಾಲ್ಕನ್ನು ಕೇಳಿ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಒಂದು ಅರ್ಜಿ ಹಾಕಿ. ಅರ್ಜಿ ಶುಲ್ಕ ಹತ್ತು ರೂಪಾಯಿ. ಮೂವತ್ತು ದಿನಗಳಲ್ಲಿ ಉತ್ತರ ಕೊಡುವುದು ಅಧಿಕಾರಿಗಳ ಕರ್ತವ್ಯ, ಕೇಳುವುದು ನಮ್ಮದು.